ಕೋಡಿಮಂಚನಹಳ್ಳಿಯ ಸ್ಪೀಕರಮ್ಮ

ಅಂಜಿನಮ್ಮನ ಗಂಡ ಗಂಗಣ್ಣನೂ ಅವಳ ತಮ್ಮ ಚಿಕ್ಕವೆಂಕಟಪ್ಪನೂ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಮಾತು ಬಿಟ್ಟಿದ್ದರು ಎಂದರೆ ಬಾಯಿ ಮುಚ್ಚಿಕೊಂಡಿದ್ದರು ಎಂದಲ್ಲ. ಬೇಕಾದಷ್ಟು ಆಡುತ್ತಿದ್ದರು, ಆದರೆ ಎಲ್ಲವನ್ನೂ ಅಂಜಿನಮ್ಮನಿಗೇ ಆಡುತ್ತಿದ್ದರು. ತಮ್ಮನಿಗೆ ಅಕ್ಕನ ಕೈಯ ಕಾಫಿ ಬಿಡಲಾಗದು. ರೇಷ್ಮೆಹುಳಕ್ಕೆ ಬೆಳಗಿನ ಸೊಪ್ಪು ಹಾಕಿ ಮುಗಿಸಿದವನೇ ಬಂದು ಜಗಲಿಯ ಒಂದು ತುದಿಯಲ್ಲಿ ಕೂರುತ್ತಿದ್ದ. ಇನ್ನೊಂದು ತುದಿಯಲ್ಲಿ ಗಂಗಣ್ಣ ಅಷ್ಟು ಹೊತ್ತಿಗಾಗಲೇ ಕೂತು ಬೀಡಿ ಹಚ್ಚಿರುತ್ತಿದ್ದ. ನಡುವೆ ಬಾಗಿಲಲ್ಲಿ ಅಂಜಿನಮ್ಮ.

ನಿಮ್ಮ ಯಜಮಾನ್ರಿಗೆ ಹೇಳಕ್ಕಾ, ಅವರ ಎಮ್ಮೆ ನಮ್ಮ ಹಿಪ್ಪುನೇರಳೆಗೆ ಬಾಯಿ ಹಾಕ್ತಾ ಐತೆ ಅಂತ ಇವನು. ನಿನ್ನ ತಮ್ಮನಿಗೆ ಹೇಳು, ಬದುವನ್ನು ಅವನು ಹೀಗೆ ಕೆತ್ತಿಕೊಂಡು ಬಂದರೆ ಎಮ್ಮೆಗೆ ಗಡಿ ಯಾವುದು ಅಂತ ಹೇಗೆ ಗೊತ್ತಾಗಬೇಕು ಅಂತ ಅವನು. ಇಬ್ಬರ ಕಿವಿಯೂ ಚುರುಕು, ಇಬ್ಬರ ನಡುವೆ ಎರಡು ಮಾರು ಜಾಗವೂ ಇಲ್ಲ. ಆದರೂ ಅಂಜಿನಮ್ಮ ಒಂದೊಂದು ಮಾತನ್ನೂ ಈ ತುದಿಯಿಂದ ಆ ತುದಿಗೆ ದಾಟಿಸಬೇಕು. ಅವಳು ಒಳಗೆ ಹೋದರೆ ಇಬ್ಬರೂ ಜಗಲಿಯ ಕಂಬಕ್ಕೆ ಹೇಳುತ್ತಿದ್ದರು. ಕಂಬ ದಾಟಿಸುತ್ತಿರಲಿಲ್ಲವಾದ್ದರಿಂದ ಅವಳು ಮತ್ತೆ ಹೊರಗೆ ಬರಲೇಬೇಕಾಗುತ್ತಿತ್ತು.

ಇಷ್ಟಕ್ಕೆಲ್ಲ ಕಾರಣ ಎಂಬತ್ತೇಳರ ಮಂಡಲ ಪಂಚಾಯ್ತಿ ಚುನಾವಣೆ. ಭಾವ, ಭಾಮೈದ ಇಬ್ಬರೂ ಮೆಂಬರಾಗಿ ಗೆದ್ದರು. ಪ್ರಧಾನನಾಗುವವನು ಗಂಗಣ್ಣನೇ ಎಂದು ಊರೆಲ್ಲ ಅಂದುಕೊಂಡಿತ್ತು, ಚಿಕ್ಕವೆಂಕಟಪ್ಪ ಹೂಂ ಎಂದಿದ್ದ. ಆದರೆ ಮೆಂಬರುಗಳೆಲ್ಲ ಸೇರಿ ಪ್ರಧಾನನನ್ನು ಆರಿಸುವ ದಿನ ಬಂದಾಗ ಅವನೇ ಎದುರಿಗೆ ನಿಂತ, ಒಂದೇ ಓಟಿನಲ್ಲಿ ಗೆದ್ದ. ಗಂಗಣ್ಣ ಮನೆಗೆ ಬಂದು ಹೆಗಲ ಮೇಲಿನ ಟವೆಲ್ಲು ಕೊಡವಿ, ಇನ್ನು ಅವನಿಗೂ ನನಗೂ ಮಾತಿಲ್ಲ ಎಂದ. ಅತ್ತ ಚಿಕ್ಕವೆಂಕಟಪ್ಪನ ಬಾಯಿಂದ 'ಭಾವ' ಎನ್ನುವ ಮಾತು ಮಾಯವಾಗಿ 'ನಿಮ್ಮ ಯಜಮಾನ್ರು' ಬಂದು ಕೂತಿತು. ಅಂಜಿನಮ್ಮನಿಗೆ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೇ. ಅವಳ ಮದುವೆಯಲ್ಲಿ ಏಳೆಂಟು ವರ್ಷದವನಾಗಿದ್ದ ಈ ತಮ್ಮ ಭಾವ ಭಾವ ಎಂದು ಗಂಗಣ್ಣನ ಪಂಚೆ ಹಿಡಿದುಕೊಂಡೇ ತಿರುಗಿದವನು.

ಹೋಗಲಿ ಎಂದು ಇಷ್ಟು ದಿನ ತಳ್ಳಿದ್ದಾಯಿತು. ಆದರೆ ತೊಂಬತ್ತನೇ ಇಸವಿಯಲ್ಲಿ ಮಗಳು ಶಶಿರೇಖಾಳಿಗೆ ಹೊಸಕೋಟೆ ಕಡೆಯ ಸಂಬಂಧ ಗೊತ್ತಾಗಿ, ಸಂಕ್ರಾಂತಿ ಕಳೆದ ಮೇಲೆ ಮದುವೆ ಎಂದು ನಿಶ್ಚಯವಾಯಿತು. ಹುಡುಗಿಯನ್ನು ಹಸೆಮಣೆಗೆ ಕರೆತರಬೇಕಾದವನು ಸೋದರಮಾವ. ಅವನನ್ನು ಹುಡುಗಿಯ ತಂದೆ ಖುದ್ದಾಗಿ ಹೋಗಿ, ಅಕ್ಷತೆ ಕೊಟ್ಟು, ಬಾಯಿತುಂಬ ಕರೆಯಬೇಕು. ಗಂಗಣ್ಣ, ಬೇಕಾದರೆ ಅವನೇ ಬರಲಿ, ಬೇಡ ಅಂದವರು ಯಾರು ಎನ್ನುತ್ತಿದ್ದ. ಚಿಕ್ಕವೆಂಕಟಪ್ಪ, ಕರೆಯದ ಮನೆಗೆ ಹೋಗೋಕೆ ನಾನೇನು ಗತಿಗೆಟ್ಟವನಾ ಎನ್ನುತ್ತಿದ್ದ. ಅಕ್ಕನ ಕಾಫಿಗೆ ದಿನಾ ಕರೆಯದೇ ಬರುತ್ತಿದ್ದದ್ದು ಆ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಸೋದರಮಾವನಿಲ್ಲದೆ ಮಗಳನ್ನು ಹಸೆಗೆ ಕೂರಿಸುವುದು ಹೇಗೆ ಎಂದು ಅಂಜಿನಮ್ಮನಿಗೆ ಕೂತಲ್ಲಿ ನಿಂತಲ್ಲಿ ಅದೇ ಯೋಚನೆ.

ಇನ್ನು ಲಂಡನ್ನಿನ ವಿಷಯ. ಕೋಡಿಮಂಚನಹಳ್ಳಿಗೆ ಲಂಡನ್ನನ್ನು ತಂದವರು ಮೂರ್ತಿ ಮೇಷ್ಟ್ರು. ಹತ್ತಿರದ ವಿಜಯಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತ, ಗಂಗಣ್ಣನ ಮನೆಯ ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದರು. ಸಂಜೆ ಬಸ್ಸಿಳಿದು ಬಂದವರೇ ಟ್ರಾನ್ಸಿಸ್ಟರಿನ ಏರಿಯಲ್ಲನ್ನು ಕಿಟಕಿಯ ಸರಳಿಗೆ ತಂತಿ ಕಟ್ಟಿ ಉದ್ದ ಮಾಡಿ ಬಿಬಿಸಿ ಹಚ್ಚುತ್ತಿದ್ದರು. ಕೊರಕೊರ ಸದ್ದಿನ ನಡುವೆ ಸಿಕ್ಕಿದ್ದನ್ನೆಲ್ಲ ಜಗಲಿಗೆ ಬಂದು ಕನ್ನಡದಲ್ಲಿ ಬಡಿಸುತ್ತಿದ್ದರು. ಬೆಂಗಳೂರಿನ ಸುದ್ದಿಯಾದರೆ ಹತ್ತು ಜನ ಹತ್ತು ತರ ಹೇಳುತ್ತಾರೆ, ಲಂಡನ್ನಿನದಾದರೆ ತಾವು ಹೇಳಿದ್ದೇ ಕೊನೆ ಎನ್ನುವ ಸುಖ ಅವರಿಗೆ. ಅಲ್ಲಿನ ಪತ್ರಿಕೆಯವರು ಒಂದು ವಾರ ಹೊಗಳಿ ಇನ್ನೊಂದು ವಾರ ತೆಗಳುವುದನ್ನು ಅವರು ವರ್ಣಿಸಿದರೆ, ಇದಕ್ಕೆ ಪೇಪರ್ ಯಾಕೆ, ನಮ್ಮ ಹಾಲಿನ ಡೈರಿ ಹತ್ತಿರ ನಿಂತರೆ ಸಾಕಲ್ಲ ಎಂದು ಅಂಜಿನಮ್ಮ ನಗುತ್ತಿದ್ದಳು.

ಒಂದು ಸಂಜೆ ಮೇಷ್ಟ್ರು, ಅಲ್ಲಿ ಸೋತವರ ನಾಯಕನಿಗೂ ಸರ್ಕಾರವೇ ಸಂಬಳ ಕೊಡುತ್ತದೆ, ಕಾರು ಕೊಡುತ್ತದೆ, ಗೆದ್ದವರನ್ನು ದಿನಾ ಬೈಯುವುದೇ ಅವನ ಕೆಲಸ ಎಂದರು. ಗಂಗಣ್ಣನ ಬೀಡಿ ಆರಿಹೋಯಿತು. ಬೈಯೋಕೆ ಸಂಬಳಾನಾ ಎಂದು ಎರಡು ಸಲ ಕೇಳಿದ. ಪ್ರತಿಯೊಬ್ಬ ಮಂತ್ರಿಗೂ ಎದುರಾಗಿ ಒಬ್ಬೊಬ್ಬ ನೆರಳು ಮಂತ್ರಿ ಇರುತ್ತಾನೆ, ವಾರಕ್ಕೆರಡು ಸಲ ಪ್ರಧಾನಿಯೇ ಎದ್ದು ನಿಂತು ಎಲ್ಲರ ಪ್ರಶ್ನೆಗೂ ಉತ್ತರ ಕೊಡಬೇಕು ಎಂದು ಮೇಷ್ಟ್ರು ಮುಂದುವರಿಸಿದರು. ಮಾರನೇ ದಿನವೇ ಗಂಗಣ್ಣ ನೆರಳು ಪ್ರಧಾನನಾದ. ಬೀದಿದೀಪಕ್ಕೊಬ್ಬ, ಬೋರ್‌ವೆಲ್ಲಿಗೊಬ್ಬ ನೆರಳು ಸಿಕ್ಕಿದರು. ಬುಧವಾರ ಬುಧವಾರ ಮಂಡಲ ಕಚೇರಿಯ ವರಾಂಡದಲ್ಲಿ ಪ್ರಧಾನ ಬಂದು ಪ್ರಶ್ನೆಗಳಿಗೆ ಉತ್ತರ ಕೊಡಬೇಕು ಎಂದು ಅಂಜಿನಮ್ಮನ ಮೂಲಕ ಹೇಳಿ ಕಳಿಸಿದ್ದಾಯಿತು. ಚಿಕ್ಕವೆಂಕಟಪ್ಪ ಮೊದಲು ಉಗಿದ. ಆಮೇಲೆ, ಲಂಡನ್ನಿನ ಪ್ರಧಾನಿಯೂ ಹಾಗೇ ನಿಂತು ಉತ್ತರ ಕೊಡುತ್ತಾರಂತೆ ಎಂದು ಅಕ್ಕ ಹೇಳಿದ ಮೇಲೆ ಮೀಸೆ ನೀವಿಕೊಂಡು ಒಪ್ಪಿದ. ಆ ಬುಧವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ.

ಕೂತ ಮೇಲೆ ಒಂದು ತೊಡಕು ಎದ್ದಿತು. ಇಬ್ಬರೂ ಮಾತು ಬಿಟ್ಟವರು, ಪ್ರಶ್ನೆ ಕೇಳುವುದು ಹೇಗೆ, ಉತ್ತರ ಕೊಡುವುದು ಹೇಗೆ? ಆಗ ಮೇಷ್ಟ್ರು, ಅಲ್ಲಿ ಒಬ್ಬರನ್ನೊಬ್ಬರು ನೇರವಾಗಿ ಮಾತಾಡಿಸುವ ಹಾಗೇ ಇಲ್ಲ, ನಡುವೆ ಸ್ಪೀಕರ್ ಎಂದು ಒಬ್ಬರು ಕೂತಿರುತ್ತಾರೆ, ಏನೇ ಹೇಳುವುದಿದ್ದರೂ ಅವರಿಗೇ ಹೇಳಬೇಕು, ನಮ್ಮ ವಿಧಾನಸೌಧದವರೂ ಅದನ್ನೇ ಕಲಿತಿರುವುದು ಎಂದರು. ವರಾಂಡದಲ್ಲಿದ್ದವರೆಲ್ಲ ಒಟ್ಟಿಗೆ ಅಂಜಿನಮ್ಮನ ಕಡೆ ತಿರುಗಿದರು. ಅವಳಿಗೆ ನಗು ತಡೆಯಲಾಗಲಿಲ್ಲ.

"ಅಯ್ಯೋ ಮೇಷ್ಟ್ರೇ, ಇದನ್ನ ಅಷ್ಟು ದೂರದಿಂದ ಯಾಕೆ ತರಿಸಿದ್ರಿ? ನಮ್ಮ ಜಗಲೀಲಿ ಮೂರು ವರ್ಷದಿಂದ ನಡೀತಾ ಐತಲ್ಲ" ಅಂದಳು.

ಹೀಗೆ ಅವಳು ಕಚೇರಿಯ ತೋಳಿನ ಕುರ್ಚಿಯ ಮೇಲೆ ಕೂತಳು. ಲಂಡನ್ನಿನಲ್ಲಿ ಆ ಕುರ್ಚಿಯ ಮೇಲೆ ಇವತ್ತಿಗೂ ಒಬ್ಬ ಹೆಂಗಸೂ ಕೂತಿಲ್ಲ, ಈ ವಿಷಯದಲ್ಲಿ ನಾವೇ ಮುಂದೆ ಎಂದು ಮೇಷ್ಟ್ರು ಹೇಳಿದ್ದೇ ತಡ, ಊರವರು ಅವಳಿಗೆ ಸ್ಪೀಕರಮ್ಮ ಎಂದು ಹೆಸರಿಟ್ಟರು. ಅಲ್ಲಿ ಎರಡು ಪಕ್ಷಗಳ ನಡುವೆ ನೆಲದ ಮೇಲೆ ಕೆಂಪು ಗೆರೆ ಇದೆಯಂತೆ, ಕತ್ತಿ ಕಟ್ಟಿಕೊಂಡು ಬರುತ್ತಿದ್ದ ಕಾಲದಲ್ಲಿ ಒಬ್ಬರದು ಇನ್ನೊಬ್ಬರಿಗೆ ತಾಗದಿರಲಿ ಎಂದು ಎಳೆದದ್ದು. ಅಂಜಿನಮ್ಮ ಕೆಮ್ಮಣ್ಣು ಕಲಸಿ ತಾನೇ ಗೆರೆ ಎಳೆದಳು. ಕೋಳಿಗಳು ಮಾತ್ರ ಆ ಗೆರೆಗೆ ಬೆಲೆ ಕೊಡಲಿಲ್ಲ.

ಬುಧವಾರದ ಸಭೆ ಊರಿಗೆ ಬಲು ಇಷ್ಟವಾಯಿತು. ಸೊಪ್ಪು ಕುಯ್ಯುವವರು ಬೇಗ ಮುಗಿಸಿ ಬಂದು ಜಾಗ ಹಿಡಿಯುತ್ತಿದ್ದರು. "ಸ್ಪೀಕರಮ್ಮಾ, ಮಾನ್ಯ ಪ್ರಧಾನರಿಗೆ ಕಣ್ಣು ಕಾಣಿಸ್ತದಾ ಅಂತ ಕೇಳಬೇಕು" ಎಂದು ಗಂಗಣ್ಣ ಶುರುಮಾಡಿದರೆ, ಕಾಣಿಸೋದರಿಂದಲೇ ಅವರ ಬೀದಿಗೆ ದೀಪ ಹಾಕಿಸಿಲ್ಲ, ಆ ಮುಖ ನೋಡೋದು ಬೇಡ ಅಂತ ಎಂದು ಚಿಕ್ಕವೆಂಕಟಪ್ಪ ಅಕ್ಕನ ಕಡೆಗೇ ನೋಡಿಕೊಂಡು ಉತ್ತರ ಕೊಡುತ್ತಿದ್ದ. ಬೈಗುಳ ಮಿತಿಮೀರಿದರೆ ಅಂಜಿನಮ್ಮ ಕುರ್ಚಿಯ ತೋಳನ್ನು ಬಡಿಯುತ್ತಿದ್ದಳು. ದೀಪವೂ ಬಂತು, ಕೆಟ್ಟಿದ್ದ ಬೋರ್‌ವೆಲ್ಲೂ ರಿಪೇರಿಯಾಯಿತು. ಅವಳ ಮನಸ್ಸಿನ ಮುಳ್ಳು ಮಾತ್ರ ಹಾಗೇ ಉಳಿಯಿತು. ಮೊದಲು ಮನೆಯಲ್ಲಷ್ಟೇ ಮಾತು ದಾಟಿಸುತ್ತಿದ್ದವಳು ಈಗ ಊರೆದುರಿಗೂ ದಾಟಿಸಬೇಕಾಗಿತ್ತು. ಇಬ್ಬರಿಗೂ ಅದು ಎಷ್ಟು ಹಿತವಾಗಿತ್ತೆಂದರೆ, ಜನ್ಮವಿಡೀ ಹೀಗೇ ಇದ್ದುಬಿಟ್ಟಾರು ಎಂದು ಅವಳಿಗೆ ಹೆದರಿಕೆ ಹತ್ತಿತು.

ಹಾಗಿರುವಾಗ ಚಿಕ್ಕವೆಂಕಟಪ್ಪ ಒಂದು ಎಡವಟ್ಟು ಮಾಡಿಕೊಂಡ. ಆ ವರ್ಷ ಕೆರೆ ತುಂಬಿತ್ತು. ನೀರು ಬಿಡುವ ಮೊದಲು ತೂಬಿನ ಕಾಲುವೆಯ ಹೂಳು ತೆಗೆಯಬೇಕು. ಅದಕ್ಕೆ ಮನೆಗೊಂದಾಳು ಬರುವುದು ಅಜ್ಜನ ಕಾಲದಿಂದ ಬಂದ ಪದ್ಧತಿ. ಕೆಲಸ ಬೇಗ ಮುಗಿಯಲಿ ಎಂದು ಪ್ರಧಾನ ಈ ಸಲ ತಲೆಗೊಂದಾಳು ಎಂದ. ಅಂದರೆ ಮನೆಯಲ್ಲಿ ಎಷ್ಟು ಜನ ದೊಡ್ಡವರಿದ್ದಾರೋ ಅಷ್ಟೂ ಜನ ಬರಬೇಕು. ಕಾಲುವೆಯುದ್ದಕ್ಕೂ ಗದ್ದೆಯಿರುವ ಸಾಹುಕಾರರ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಕಾಲುವೆಯಿಂದ ಒಂದು ಬೊಗಸೆ ನೀರೂ ಸಿಗದ ಮುನಿವೆಂಕಟಮ್ಮನ ಮನೆಯಲ್ಲಿ ನಾಲ್ವರು ಮಕ್ಕಳು, ನಾಲ್ವರು ಸೊಸೆಯರು.

ಗಂಗಣ್ಣನಿಗೆ ಹಬ್ಬವಾಯಿತು. ಇದನ್ನೇ ಮಾಡಿ ಲಂಡನ್ನಿನ ಪ್ರಧಾನಿ ಥ್ಯಾಚರಮ್ಮ ಕೆಟ್ಟರು ಎಂದು ಎದ್ದ. ಅಲ್ಲಿ ಮೊದಲು ಮನೆ ನೋಡಿ ಕಂದಾಯ ಹಾಕುತ್ತಿದ್ದರಂತೆ, ಅದನ್ನು ತೆಗೆದು ತಲೆಗಂದಾಯ ತಂದರಂತೆ. ಅರಮನೆಯಂಥ ಮನೆಯಲ್ಲಿರುವ ದೊರೆಗೂ ಒಂದೇ, ಒಂಟಿ ಕೋಣೆಯಲ್ಲಿರುವ ಕೂಲಿಯವನಿಗೂ ಒಂದೇ. ಜನ ಬೀದಿಗೆ ಬಂದರು, ಗಲಾಟೆಯಾಯಿತು, ಪೊಲೀಸರು ಕುದುರೆ ಹತ್ತಿ ಬಂದರು. ಮೇಷ್ಟ್ರು ಹೇಳಿದ್ದನ್ನೆಲ್ಲ ಅವನು ಕಣ್ಣಾರೆ ಕಂಡವನ ಹಾಗೆ ಹೇಳಿ ಕೂತ. ಮುನಿವೆಂಕಟಮ್ಮ ಸೊಸೆಯರನ್ನು ಕರೆದುಕೊಂಡು ಬಂದು ಜೋರಾಗಿ ಚಪ್ಪಾಳೆ ತಟ್ಟಿಸಿದಳು. ಚಿಕ್ಕವೆಂಕಟಪ್ಪ ಹಟಮಾರಿ. ಹೇಳಿದ ಮಾತು ವಾಪಸ್ ತಗೊಳ್ಳೋ ಪೈಕಿ ನಾನಲ್ಲ ಎಂದ. ಆಕೆಯೂ ಹಾಗೇ ಅಂದಿದ್ದರು ಎಂದು ಮೇಷ್ಟ್ರು ಮೆಲ್ಲಗೆ ಹೇಳಿದ್ದನ್ನು ಅವನು ಹೊಗಳಿಕೆ ಎಂದುಕೊಂಡ.

ಕಾರ್ತಿಕ ಕಳೆಯುತ್ತಿದ್ದ ಹಾಗೆ ಮೇಷ್ಟ್ರ ಟ್ರಾನ್ಸಿಸ್ಟರಿಗೆ ಬಿಡುವೇ ಇಲ್ಲದಾಯಿತು. ಅಷ್ಟು ವರ್ಷ ಥ್ಯಾಚರಮ್ಮನ ಜೊತೆಗಿದ್ದ ಮಂತ್ರಿಯೇ ಬಿಟ್ಟುಹೋಗಿ ಸಭೆಯಲ್ಲಿ ಎದ್ದು ನಿಂತನಂತೆ. ಬ್ಯಾಟ್ ಹಿಡಿದು ಆಡೋಕೆ ಹೋದರೆ ಬ್ಯಾಟೇ ಮುರಿದಿರುತ್ತದೆ, ಮುರಿದವರು ನಮ್ಮ ಕ್ಯಾಪ್ಟನ್ನೇ ಎಂದನಂತೆ. ಆಮೇಲೆ ನಾಯಕರು ಯಾರಾಗಬೇಕೆಂದು ಅವರ ಪಕ್ಷದವರೇ ಓಟು ಹಾಕಿದರು. ಆಕೆಗೇ ಹೆಚ್ಚು ಓಟು ಬಂದವು, ಆದರೆ ಸಾಲುವಷ್ಟು ಬರಲಿಲ್ಲ. ಮಂತ್ರಿಗಳು ಒಬ್ಬೊಬ್ಬರೇ ಕೋಣೆಗೆ ಹೋಗಿ, ನಮ್ಮ ಬೆಂಬಲ ನಿಮಗೇ, ಆದರೆ ನೀವು ಗೆಲ್ಲುವುದಿಲ್ಲ ಎಂದು ಹೇಳಿ ಬಂದರು. ಆಕೆ ರಾಜೀನಾಮೆ ಕೊಟ್ಟರು. ಹೆಚ್ಚು ಓಟು ಬಂದೂ ಮನೆಗೆ ಹೋಗುವುದು ಯಾವ ನ್ಯಾಯ ಎಂದು ಊರು ಎರಡು ದಿನ ತಲೆ ಕೆಡಿಸಿಕೊಂಡಿತು. ನೆರಳಿನವರು ಕುಣಿದಿರಬೇಕಲ್ಲ ಎಂದು ಗಂಗಣ್ಣ ಕೇಳಿದ. ಬೀಳಿಸಿದವರು ಎದುರುಪಕ್ಷದವರಲ್ಲ, ಪಕ್ಕದಲ್ಲಿ ಕೂತವರು ಎಂದು ಮೇಷ್ಟ್ರು ಹೇಳಿದಾಗ ಅವನು ಯಾಕೋ ನಗಲಿಲ್ಲ.

ಲಂಡನ್ನಿನ ಸುದ್ದಿಯಿಂದ ಪಾಠ ಕಲಿತವನು ಬೇರೊಬ್ಬನಿದ್ದ. ಉಪಪ್ರಧಾನ ಆದಿನಾರಾಯಣಪ್ಪ ಚಿಕ್ಕವೆಂಕಟಪ್ಪನ ಬಲಗೈಯಂತಿದ್ದವನು. ಅವನು ಒಂದು ಮಧ್ಯಾಹ್ನ ನಾಲ್ವರು ಮೆಂಬರುಗಳನ್ನು ಕರೆದುಕೊಂಡು ಗಂಗಣ್ಣನ ಜಗಲಿಗೆ ಬಂದ. ತಲೆಗೊಂದಾಳು ಅಂದದ್ದರಿಂದ ಊರೂರಲ್ಲೂ ಬೈತಾ ಇದಾರೆ, ಅವಿಶ್ವಾಸ ತರೋಣ, ನಿಮ್ಮ ಕಡೆಯವರೂ ರುಜು ಹಾಕಿದರೆ ಅವನು ಉಳಿಯಲ್ಲ, ಮುಂದಿನ ಪ್ರಧಾನ ನೀವೇ ಎಂದ. ಗಂಗಣ್ಣ ಬುಧವಾರ ಹೇಳ್ತೀನಿ ಎಂದು ಅವರನ್ನು ಕಳಿಸಿದ.

ಒಳಗೆ ರಾಗಿ ಮುದ್ದೆ ತೊಳಸುತ್ತಿದ್ದ ಅಂಜಿನಮ್ಮನ ಕೈ ನಿಂತಿತು. ಗಂಡ ಪ್ರಧಾನನಾಗುವುದು ಅವಳಿಗೆ ಬೇಡವೆಂದಲ್ಲ, ಮೂರು ವರ್ಷದ ಹಿಂದೆ ಅದಕ್ಕೆ ಹರಕೆಯನ್ನೂ ಹೊತ್ತಿದ್ದಳು. ಆದರೆ ಇವನು ರುಜು ಹಾಕಿದ ಮೇಲೆ ತಮ್ಮ ಈ ಮನೆಯ ಕಡೆ ತಲೆಯೂ ಹಾಕುವುದಿಲ್ಲ. ಶಶಿಯ ಮದುವೆ ಇರಲಿ, ತಾನು ಸತ್ತರೂ ಬರುತ್ತಾನೋ ಇಲ್ಲವೋ. ಅಳು ಬಂತು. ಗಂಡ ಊಟಕ್ಕೆ ಕೂತು, ನೀನೇನು ಹೇಳ್ತೀಯ ಎಂದು ಕೇಳಿದಾಗ ಅವಳು ಸಾರಿನ ಪಾತ್ರೆಯನ್ನು ಕುಕ್ಕಿ ಇಟ್ಟು, ಸ್ಪೀಕರು ಯಾರ ಪರವೂ ಮಾತಾಡೋ ಹಾಗಿಲ್ಲವಂತೆ ಎಂದಳು. ಅದನ್ನೂ ಮೇಷ್ಟ್ರೇ ಹೇಳಿದ್ದರು. ಗಂಗಣ್ಣ ಮುದ್ದೆ ಮುರಿದು ಸಾರಿಗೆ ಅದ್ದಿದ.

ಬುಧವಾರ ವರಾಂಡ ತುಂಬಿ ಅಂಗಳದಲ್ಲೂ ಜನ ನಿಂತಿದ್ದರು. ಸುದ್ದಿ ಹೇಗೋ ಎಲ್ಲರಿಗೂ ಗೊತ್ತಾಗಿತ್ತು. ಚಿಕ್ಕವೆಂಕಟಪ್ಪನಿಗೂ ಗೊತ್ತಾಗಿತ್ತು ಎಂಬುದು ಇಸ್ತ್ರಿಯಿಲ್ಲದ ಅವನ ಅಂಗಿಯಿಂದಲೇ ಅಂಜಿನಮ್ಮನಿಗೆ ತಿಳಿಯಿತು. ಅವನು ಎಂದಿನಂತೆ ಅಕ್ಕನ ಕಡೆ ನೋಡದೆ ನೆಲ ನೋಡುತ್ತ ಕೂತ. ಆದಿನಾರಾಯಣಪ್ಪ ಎದ್ದು, ಈ ಪ್ರಧಾನರ ಕೈಕೆಳಗೆ ಕೆಲಸ ಮಾಡಲಾಗುವುದಿಲ್ಲ, ತಾವೆಲ್ಲ ಗಂಗಣ್ಣನವರ ಜೊತೆ ಹೋಗುತ್ತೇವೆ ಎಂದು ಸಾರಿ ಗೆರೆ ದಾಟಿ ಗಂಗಣ್ಣನ ಪಕ್ಕದಲ್ಲಿ ಕೂತ. ಅವನ ಹಿಂದೆ ಉಳಿದ ನಾಲ್ವರೂ ಬಂದರು. ಚಿಕ್ಕವೆಂಕಟಪ್ಪನ ಬೆಂಚಿನಲ್ಲಿ ಜಾಗ ಖಾಲಿ ಬಿತ್ತು. ಅಂಜಿನಮ್ಮನಿಗೆ ಅವನು ಮತ್ತೆ ಏಳೆಂಟು ವರ್ಷದ ಹುಡುಗನಂತೆ ಕಂಡ.

ಗಂಗಣ್ಣ ನಿಧಾನವಾಗಿ ಎದ್ದು ಗಂಟಲು ಸರಿಮಾಡಿಕೊಂಡ.

"ಸ್ಪೀಕರಮ್ಮಾ, ಈ ಪ್ರಧಾನನ್ನ ಮೂರು ವರ್ಷದಿಂದ ಬೈದಿದ್ದೀನಿ. ಇನ್ನೂ ಬೈತೀನಿ, ಅದು ನನ್ನ ಕೆಲಸ. ತಲೆಗೊಂದಾಳು ಅನ್ನೋದು ತಪ್ಪು, ಅದನ್ನ ಅವನು ವಾಪಸ್ ತಗೊಳ್ಳೋವರೆಗೂ ಬಿಡಲ್ಲ. ಆದ್ರೆ ನಿನ್ನೆಯವರೆಗೂ ಅವನ ಪಕ್ಕದಲ್ಲಿ ಕೂತು ಹೂಂಗುಟ್ಟಿ, ಇವತ್ತು ನನ್ನ ಪಕ್ಕಕ್ಕೆ ಬಂದ್ರಲ್ಲ, ಇವರ ಜೊತೆ ನಾನು ರುಜು ಹಾಕಲ್ಲ. ಅವನನ್ನ ಬೀಳಿಸೋದಾದ್ರೆ ಚುನಾವಣೇಲಿ ನಾನೇ ಬೀಳಿಸ್ತೀನಿ. ಬೇರೆಯವರಿಗೆ ಬಿಟ್ಟುಕೊಡಲ್ಲ."

ಮುನಿವೆಂಕಟಮ್ಮ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಸೊಸೆಯರ ಮುಖ ನೋಡಿದಳು. ಆದಿನಾರಾಯಣಪ್ಪ ಕೂತಲ್ಲಿಂದ ಎದ್ದು, ಎತ್ತ ಹೋಗಿ ಕೂರಬೇಕೆಂದು ಗೊತ್ತಾಗದೆ ಗೆರೆಯ ಮೇಲೆಯೇ ನಿಂತ. ಚಿಕ್ಕವೆಂಕಟಪ್ಪ ಎದ್ದ. ಅವನ ಬಾಯಿ ಅಕ್ಕನ ಕಡೆಗೆ ತಿರುಗಿ ತೆರೆಯಿತು, ಮುಚ್ಚಿತು. ಮತ್ತೆ ತೆರೆದಾಗ ಮುಖ ಬೇರೆ ಕಡೆಗೆ ತಿರುಗಿತ್ತು.

"ಯಾಕೆ ಹಾಕಲ್ಲ ಭಾವ?" ಅಂದ.

ಅಂಜಿನಮ್ಮ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಲೇ ಚಿಕ್ಕ, ನೀನು ಮನೆಗೆ ಹೋದ್ರೆ ನಾನು ಬುಧವಾರ ಯಾರನ್ನ ಬೈಲಿ? ಇವನನ್ನಾ?" ಎಂದು ಗಂಗಣ್ಣ ಗೆರೆಯ ಮೇಲಿದ್ದವನ ಕಡೆ ಕೈ ತೋರಿಸಿದ. ಜನ ನಕ್ಕರು. ಗಂಗಣ್ಣ ಮಾತ್ರ ನಗದೆ, "ನಿನ್ನ ಹಾಗೆ ಮಾತು ಕೊಟ್ಟು ತಪ್ಪೋನಲ್ಲ ನಾನು" ಎಂದು ಸೇರಿಸಿದ.

ಮೂರ್ತಿ ಮೇಷ್ಟ್ರು ಗಾಬರಿಯಿಂದ ಬೆರಳೆತ್ತಿ, ನೇರವಾಗಿ ಮಾತಾಡುವ ಹಾಗಿಲ್ಲ, ಸ್ಪೀಕರು ಇಬ್ಬರನ್ನೂ ತಡೆಯಬೇಕು ಎಂದರು. "ಸುಮ್ನೆ ಕೂತ್ಕೊಳ್ಳಿ ಮೇಷ್ಟ್ರೇ" ಎಂದಳು ಸ್ಪೀಕರಮ್ಮ. ಅವರು ಕೂತರು.

"ಮಾತು ತಪ್ಪಿದೆ, ಇಲ್ಲ ಅನ್ನಲ್ಲ" ಎಂದ ಚಿಕ್ಕವೆಂಕಟಪ್ಪ. "ನೀವು ಒಂದು ಸಲ ಬಂದು ಚಿಕ್ಕ, ನನಗೆ ಓಟು ಹಾಕು ಅಂದ್ರಾ? ಅದನ್ನೂ ಅಕ್ಕನ ಕೈಲಿ ಹೇಳಿ ಕಳಿಸಿದ್ರಿ. ಊರೋರ ಮನೆಗೆಲ್ಲ ನೀವೇ ಹೋದ್ರಿ ಭಾವ, ನನ್ನ ಮನೆ ಒಂದಕ್ಕೆ ಬರಲಿಲ್ಲ."

ಮನೆಯವನೇ ಅಲ್ಲವೇ, ಅವನನ್ನೇನು ಕೇಳೋದು ಅಂದುಕೊಂಡಿದ್ದೆ ಎಂದು ಗಂಗಣ್ಣ ಗೊಣಗಿದ. ಅಂಜಿನಮ್ಮನಿಗೆ ಎಲ್ಲ ನೆನಪಾಯಿತು. ಪ್ರಧಾನನನ್ನು ಆರಿಸುವ ಹಿಂದಿನ ದಿನ ಒಲೆಯ ಮೇಲೆ ಹಾಲಿಟ್ಟು ಓಡಿಹೋಗಿ ತಮ್ಮನಿಗೆ ಆ ಮಾತು ಹೇಳಿ ಬಂದವಳು ಅವಳೇ. ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅವಳು ಅಷ್ಟು ಚೆನ್ನಾಗಿ ದಾಟಿಸುತ್ತಿದ್ದಳಲ್ಲ, ಅದಕ್ಕೇ ಈ ಎರಡು ಮೂರ್ಖ ಗಂಡಸರಿಗೆ ಎದುರು ಬದುರು ನಿಲ್ಲುವ ಅಗತ್ಯವೇ ಬಿದ್ದಿರಲಿಲ್ಲ.

ಅವರು ಆಗಲೇ ಬದುವಿನ ಜಗಳಕ್ಕೆ ಹೋಗಿ, ಎಮ್ಮೆಯ ಜಗಳಕ್ಕೆ ಬಂದು, ಕೊನೆಗೆ ಮನೆಗೊಂದಾಳೇ ಇರಲಿ ಎನ್ನುವಲ್ಲಿಗೆ ಮುಟ್ಟಿದ್ದರು. ಜನ ಒಬ್ಬೊಬ್ಬರಾಗಿ ಎದ್ದರು, ಹುಳಕ್ಕೆ ಸಂಜೆಯ ಸೊಪ್ಪು ಹಾಕುವ ಹೊತ್ತಾಗಿತ್ತು. ಚಿಕ್ಕವೆಂಕಟಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ. ಇನ್ನೂ ಏನೋ ಹೇಳುವುದಿತ್ತು, ಅದು ಸುಲಭದ್ದಾಗಿರಲಿಲ್ಲ. ಅಭ್ಯಾಸಬಲದಿಂದ ಅವನು ಕುರ್ಚಿಯ ಕಡೆಗೆ ತಿರುಗಿದ.

"ಅಕ್ಕಾ, ಭಾವನಿಗೆ ಹೇಳು, ಶಶಿ ಮದುವೆಗೆ ಅವರು ಬಂದು ಕರೆದ್ರೆ..."

ಅಂಜಿನಮ್ಮ ಸೆರಗು ಸರಿಮಾಡಿಕೊಂಡು ಕುರ್ಚಿಯಿಂದ ಎದ್ದಳು.

"ಎದುರಿಗೇ ನಿಂತಿದ್ದಾರಲ್ಲೋ," ಅಂದಳು, "ನೀನೇ ಹೇಳು."